ಗೋಣು ಮುರಿದವನು ಎದ್ದು ನಡೆದಾಗ

ಸಿಟಿ ಸ್ಕ್ಯಾನ್ ವರದಿಯ ಕೊನೆಯ ಸಾಲಿನಲ್ಲಿ ‘ಹ್ಯಾಂಗ್‌ಮನ್’ ಎಂಬ ಪದವಿತ್ತು. ನನ್ನ ತಂಗಿಯ ಮಗ ಮಲಗಿದಲ್ಲಿಂದಲೇ ಕಣ್ಣು ಹೊರಳಿಸಿ, “ಮಾಮಾ, ಹ್ಯಾಂಗ್‌ಮನ್ ಅಂದ್ರ ಗಲ್ಲಿಗೆ ಹಾಕಾಂವ ಅಲ್ಲೇನ್ರಿ?” ಎಂದು ಕೇಳಿದ. ಬೆಳಗಾವಿ ಕಡೆಯವರಿಗೆ ಗಲ್ಲು ಎಂದರೆ ಹಿಂಡಲಗಾ ಜೈಲು. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಹುಡುಗನ ಕೈಕಾಲು ಚೆನ್ನಾಗಿಯೇ ಆಡುತ್ತಿದ್ದವು. ಹಿಂದಿನ ರಾತ್ರಿ ಊಟ ಮಾಡಿದ್ದ, ಮೊಬೈಲ್ ನೋಡಿದ್ದ, ತಾನೇ ಎದ್ದು ಬಚ್ಚಲಿಗೂ ಹೋಗಿ ಬಂದಿದ್ದ. ಅಷ್ಟೂ ಹೊತ್ತು ಅವನ ಕುತ್ತಿಗೆಯ ಎರಡನೇ ಎಲುಬು ಎಡಕ್ಕೂ ಬಲಕ್ಕೂ ಸೀಳಿಕೊಂಡಿತ್ತು.

ನಡೆದದ್ದು ಇಷ್ಟು. ಕಬ್ಬಿನ ಹಂಗಾಮು, ರಾತ್ರಿ ಎಂಟರ ಸುಮಾರು, ಯರಗಟ್ಟಿ ರಸ್ತೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಒಂದು ಪಂಕ್ಚರ್ ಆಗಿ ದಂಡೆಗೆ ನಿಂತಿತ್ತು. ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿಯಿಲ್ಲ. ಇದ್ದದ್ದು ಮೊಳದುದ್ದ ಹೊರಚಾಚಿದ ಕಬ್ಬು. ಬೈಕಿನ ವೇಗ ಹೆಚ್ಚೇನೂ ಇರಲಿಲ್ಲ. ಗದ್ದವೂ ಹಣೆಯೂ ಕಬ್ಬಿಗೆ ಬಡಿದು ಬಿದ್ದ, ಎದ್ದ, ಚಪ್ಪಲಿ ಹುಡುಕಿದ. ಸೇರಿದವರು “ಏನೂ ಆಗಿಲ್ಲ ಬಿಡ್ರಿ, ಎದ್ದು ಕುಂತಾನ, ನೀರ ಕುಡಸ್ರಿ” ಎಂದರು. ಟಂಟಂನಲ್ಲಿ ಕೂರಿಸಿ ಹತ್ತಿರದ ಊರಿಗೆ ಕರೆತಂದರು. ದಾರಿಯುದ್ದಕ್ಕೂ ಅವನು ಎರಡೂ ಅಂಗೈಯಲ್ಲಿ ಗದ್ದ ಹಿಡಿದುಕೊಂಡೇ ಕೂತಿದ್ದನಂತೆ. ಮೊದಲು ತೋರಿಸಿದ ಕಡೆ ಒಂದು ಎಕ್ಸ್‌ರೇ ತೆಗೆದು, “ಎಲುಬು ಎಲ್ಲಾ ಬರೋಬ್ಬರಿ ಅದಾವು, ನರ ಹಿಡದೈತಿ” ಎಂದು ಗುಳಿಗೆ ಕೊಟ್ಟು ಕಳಿಸಿದರು. ಮನೆಯಲ್ಲಿ ಹಿರಿಯರೊಬ್ಬರು ಉಳುಕು ತೆಗೆಯುವವರನ್ನು ಕರೆಸೋಣ ಎಂದರು. ಹುಡುಗ ಯಾರಿಗೂ ಕುತ್ತಿಗೆ ಮುಟ್ಟಗೊಡಲಿಲ್ಲ. ಬೆಳಿಗ್ಗೆ ಬೆಳಗಾವಿಗೆ ಒಯ್ದು ಸ್ಕ್ಯಾನ್ ಮಾಡಿಸಿದೆವು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಬೋರ್ಡಿನ ಮೇಲೆ ಬಲದ ಬಾಣ ಬರೆದು ಬರೆದು ಕೈ ಸವೆಸಿಕೊಂಡವನಿಗೆ, ಆ ಬಾಣ ಮನೆಯವನ ಕುತ್ತಿಗೆಗೇ ತಾಗಿದ ಮೇಲೆ ಓದದೆ ಇರಲಾಗಲಿಲ್ಲ. ಓದಿದ ಮೇಲೆ ಒಂದು ವಿಷಯ ನಿಚ್ಚಳವಾಯಿತು. ಕುತ್ತಿಗೆಯ ಮೇಲ್ತುದಿಯಲ್ಲಿ ಎಲುಬು ಮುರಿಯಿತೇ ಎಂಬುದು ಎರಡನೆಯ ಪ್ರಶ್ನೆ. ಬೆನ್ನುಹುರಿಗೆ ಜಾಗ ಉಳಿಯಿತೇ ಎಂಬುದು ಮೊದಲನೆಯದು. ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ನಮ್ಮ ಕಡೆ ಎದ್ದು ನಡೆದವನನ್ನು ‘ಏನೂ ಆಗಿಲ್ಲ’ದವರ ಲೆಕ್ಕಕ್ಕೆ ಸೇರಿಸುತ್ತೇವೆ.

ಸಿಂಬಿ ಮತ್ತು ಬೀಸುಕಲ್ಲು

ಕುತ್ತಿಗೆಯಲ್ಲಿ ಏಳು ಮಣಿಗಳು. ಕೆಳಗಿನ ಐದು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಮುಂದೆ ಗಟ್ಟಿ ದಿಂಡು, ಹಿಂದೆ ಕಮಾನು, ಮಣಿಮಣಿಯ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆ. ಮೇಲಿನ ಎರಡು ಆ ಅಚ್ಚಿಗೆ ಸೇರಿದವಲ್ಲ. ಮೊದಲನೆಯದು ಅಟ್ಲಾಸ್, ವೈದ್ಯರ ಲೆಕ್ಕದಲ್ಲಿ ಸಿ1. ಅದಕ್ಕೆ ದಿಂಡೇ ಇಲ್ಲ, ಬರಿಯ ಬಳೆ. ಕೊಡ ಹೊರುವ ಹೆಣ್ಣುಮಕ್ಕಳು ನೆತ್ತಿಯ ಮೇಲಿಟ್ಟುಕೊಳ್ಳುವ ಸಿಂಬಿ ಇದೆಯಲ್ಲ, ಹಾಗೆ. ನಾಲ್ಕೂವರೆ-ಐದು ಕಿಲೋ ತೂಗುವ ತಲೆ ಈ ಸಿಂಬಿಯ ಎರಡು ಪಕ್ಕದ ದಪ್ಪ ಭಾಗಗಳ ಮೇಲೆ ಕೂತಿದೆ. ಎರಡನೆಯದು ಆಕ್ಸಿಸ್, ಸಿ2. ಅದರ ದಿಂಡಿನಿಂದ ಮೇಲಕ್ಕೆ ಒಂದು ಗೂಟ ಎದ್ದಿದೆ. ಹಲ್ಲಿನ ಆಕಾರದ್ದಾದ್ದರಿಂದ ಡೆನ್ಸ್ ಎಂದು ಹೆಸರು. ಬೀಸುಕಲ್ಲಿನ ಕೆಳಗಲ್ಲಿನ ನಡುವೆ ನೆಟ್ಟ ಗೂಟವನ್ನು ನೆನೆಸಿಕೊಂಡರೆ ಸಾಕು. ಮೇಲಿನ ಕಲ್ಲು ಅದರ ಸುತ್ತ ತಿರುಗುವ ಹಾಗೆ ಅಟ್ಲಾಸ್ ಬಳೆ, ತಲೆಯನ್ನು ಹೊತ್ತುಕೊಂಡೇ, ಡೆನ್ಸ್ ಸುತ್ತ ತಿರುಗುತ್ತದೆ.

ನಾವು ‘ಹೂಂ’ ಎಂದು ಗೋಣು ಹಾಕುವುದು ಬಹುಪಾಲು ತಲೆಬುರುಡೆಗೂ ಅಟ್ಲಾಸಿಗೂ ನಡುವಿನ ಕೀಲಿನಲ್ಲಿ. ‘ಒಲ್ಲೆ’ ಎಂದು ಗೋಣು ಅಲ್ಲಾಡಿಸುವುದು ಅಟ್ಲಾಸ್ ಮತ್ತು ಆಕ್ಸಿಸ್ ನಡುವೆ. ಕುತ್ತಿಗೆಯ ಒಟ್ಟು ತಿರುವಿನಲ್ಲಿ ಅರ್ಧದಷ್ಟು, ಅಂದರೆ ಎಡಕ್ಕೆ ಸುಮಾರು 40 ಡಿಗ್ರಿ, ಬಲಕ್ಕೆ ಅಷ್ಟೇ, ಈ ಒಂದೇ ಕೀಲಿನದು. ಅಷ್ಟು ತಿರುಗಬೇಕಾದ ಕಡೆ ಬಿಗಿ ಹಾಕಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಡಿಸ್ಕ್ ಇಲ್ಲ, ಎಲುಬಿಗೆ ಎಲುಬು ಕಚ್ಚಿಕೊಳ್ಳುವ ಏರ್ಪಾಟೂ ಇಲ್ಲ. ಎಲ್ಲವೂ ಲಿಗಮೆಂಟುಗಳ, ಅಂದರೆ ಎಲುಬಿಗೆ ಎಲುಬು ಕಟ್ಟುವ ನಾರುಪಟ್ಟಿಗಳ, ಮೇಲೆ ನಿಂತಿದೆ. ಅವುಗಳಲ್ಲಿ ಮುಖ್ಯವಾದದ್ದು ಡೆನ್ಸ್ ಹಿಂದೆ ಅಡ್ಡಲಾಗಿ ಹಾದು, ಬಳೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕಟ್ಟಿದ ಅಡ್ಡಪಟ್ಟಿ. ಗೂಟ ಹಿಂದಕ್ಕೆ ಜಾರಿ ಬೆನ್ನುಹುರಿಗೆ ಒತ್ತದಂತೆ ತಡೆದಿರುವುದು ಇದೇ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಪಟ್ಟಿ ಸರಾಸರಿ 350 ನ್ಯೂಟನ್ ಆಸುಪಾಸಿನಲ್ಲಿ ಹರಿದಿತ್ತು. ನಮ್ಮ ಮಾತಿನಲ್ಲಿ ಹೇಳಿದರೆ 35 ಕಿಲೋ ಚೀಲವನ್ನು ತೂಗುಹಾಕಿದಷ್ಟು ಎಳೆತ. ಎಪಿಎಂಸಿಯ ಹಮಾಲರು ಇದಕ್ಕಿಂತ ಭಾರದ ಚೀಲವನ್ನು ದಿನಕ್ಕೆ ನೂರು ಸಲ ಎತ್ತುತ್ತಾರೆ. ಅವರ ಪಟ್ಟಿ ಹರಿಯದಿರುವುದು ನಿಂತ ಭಾರವನ್ನು ಎಲುಬಿನ ಸಾಲು ಹೊರುವುದರಿಂದ. ಈ ಪಟ್ಟಿಗೆ ಬೀಳುವುದು ತಟ್ಟನೆ ಬಂದ ಅಡ್ಡ ಎಳೆತ.

ಇನ್ನು ಜಾಗದ ಮಾತು. ಅಟ್ಲಾಸ್ ಬಳೆಯ ಒಳಗೆ ಮುಂದಿನಿಂದ ಹಿಂದಕ್ಕೆ ಸುಮಾರು ಮೂರು ಸೆಂಟಿಮೀಟರ್. ಅದರಲ್ಲಿ ಮೂರನೇ ಒಂದು ಪಾಲು ಡೆನ್ಸ್, ಇನ್ನೊಂದು ಪಾಲು ಬೆನ್ನುಹುರಿ, ಉಳಿದ ಪಾಲು ಖಾಲಿ. 1968ರಲ್ಲಿ ಸ್ಟೀಲ್ ಎಂಬ ಮೂಳೆವೈದ್ಯರು ಬರೆದ ಈ ಮೂರುಪಾಲಿನ ಲೆಕ್ಕವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಕುತ್ತಿಗೆಯ ಕೆಳಭಾಗದಲ್ಲಿ ಇಷ್ಟು ಸಡಿಲ ಜಾಗವಿಲ್ಲ. ಆ ಒಂದು ಸೆಂಟಿಮೀಟರ್ ಖಾಲಿ ಜಾಗವೇ ನನ್ನ ಅಳಿಯನನ್ನು ಆ ರಾತ್ರಿ ಬಚ್ಚಲಿನವರೆಗೆ ನಡೆಸಿದ್ದು.

(ಒಂದು ಅಡ್ಡಮಾತು. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಈ ಮಣಿಗಳ ಪಕ್ಕದ ತೂತುಗಳಲ್ಲಿ ಏರಿ, ಅಟ್ಲಾಸಿನ ಮೇಲೆ ತಿರುವು ತೆಗೆದುಕೊಂಡು ತಲೆಯೊಳಗೆ ಹೋಗುತ್ತವೆ. ಕಟಿಂಗ್ ಮುಗಿಸಿದ ಮೇಲೆ ಗೋಣನ್ನು ಲಟಕ್ಕೆಂದು ತಿರುವುವ ಸೇವೆ ನಮ್ಮ ಊರುಗಳಲ್ಲಿ ಇನ್ನೂ ಪುಕ್ಕಟೆ ಸಿಗುತ್ತದೆ. ಆ ತಿರುವು ಬೀಳುವುದು ಇದೇ ಕೀಲಿನ ಮೇಲೆ. ನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದದ್ದುಂಟು. ನಾನಂತೂ ಈಗ ಕೈ ಅಡ್ಡ ಹಿಡಿಯುತ್ತೇನೆ.)

ನೆತ್ತಿಗೆ ಬಿದ್ದ ಪೆಟ್ಟು

1920ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್ ಅಟ್ಲಾಸ್ ಒಡೆಯುವ ಬಗೆಯನ್ನು ವಿವರಿಸಿದರು. ನೆತ್ತಿಯಿಂದ ನೇರ ಕೆಳಗೆ ಬಂದ ಭಾರ ಬಳೆಯ ಎರಡು ಪಕ್ಕದ ದಪ್ಪ ಭಾಗಗಳ ಮೇಲೆ ಬೀಳುತ್ತದೆ. ಈ ಭಾಗಗಳು ಚೌಕಾಕಾರದವಲ್ಲ. ಒಳಗಡೆ ತೆಳು, ಹೊರಗಡೆ ದಪ್ಪ, ಬೆಣೆಯ ಹಾಗೆ. ಮೇಲಿಂದ ತಲೆಬುರುಡೆ, ಕೆಳಗಿಂದ ಆಕ್ಸಿಸ್ ಒತ್ತಿದಾಗ ಎರಡೂ ಬೆಣೆಗಳು ಹೊರಕ್ಕೆ ಜಾರುತ್ತವೆ. ಕೆಳಮುಖವಾಗಿ ಬಂದ ಬಲ ಹೀಗೆ ಅಡ್ಡಬಲವಾಗುತ್ತದೆ. ಬಳೆಯನ್ನು ಎರಡೂ ಕಡೆಗೆ ಎಳೆದರೆ ತೆಳುವಾದ ಕಡೆ ಒಡೆಯಬೇಕು. ಮುಂದಿನ ಮತ್ತು ಹಿಂದಿನ ಕಮಾನುಗಳು ಒಡೆಯುತ್ತವೆ. ಗಾಜಿನ ಬಳೆ ಒಂದೇ ಕಡೆ ಬಿರಿದು ಸುಮ್ಮನಾಗುವುದು ಅಪರೂಪ, ತುಂಡುಗಳಾಗುತ್ತದೆ. ಅಟ್ಲಾಸೂ ಸಾಮಾನ್ಯವಾಗಿ ಹಾಗೆಯೇ.

ಗಮನಿಸಬೇಕಾದ್ದು ತುಂಡುಗಳು ಹೋದ ದಿಕ್ಕು. ಅವು ಹೊರಕ್ಕೆ ಹೋಗಿವೆ, ಬೆನ್ನುಹುರಿಯ ಜಾಗ ಹಿಗ್ಗಿದೆ. ಎಕ್ಸ್‌ರೇಯಲ್ಲಿ ಚೂರಾಗಿ ಕಾಣುವ ಮುರಿತದಲ್ಲಿ ಕೈಕಾಲು ಉಳಿಯುವುದು ಇದರಿಂದ. ಆದರೆ ಬೆಣೆಗಳು ತೀರ ದೂರ ಸರಿದರೆ ಅವನ್ನು ಕಟ್ಟಿದ್ದ ಅಡ್ಡಪಟ್ಟಿ ಹರಿಯುತ್ತದೆ. 1970ರಲ್ಲಿ ಸ್ಪೆನ್ಸ್ ಮತ್ತು ಸಂಗಡಿಗರು ಇದಕ್ಕೊಂದು ಗಡಿ ಹಾಕಿದರು: ಬಾಯಿ ತೆರೆಸಿ ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಪಕ್ಕ ಸೇರಿ 6.9 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿದ್ದರೆ ಪಟ್ಟಿ ಹೋಗಿದೆ ಎಂದು ತಿಳಿಯಬೇಕು. ಎಲುಬು ಕೂಡಿಕೊಳ್ಳುತ್ತದೆ, ನಡುವೆ ಹರಿದ ಪಟ್ಟಿ ತಾನಾಗಿ ಕೂಡಿಕೊಳ್ಳುವ ಭರವಸೆ ಕಡಿಮೆ.

ಇದರ ಇನ್ನೊಂದು ಮಗ್ಗುಲು ಇನ್ನೂ ವಿಚಿತ್ರ. ತಲೆಯ ಹಿಂಬದಿಗೆ ಪೆಟ್ಟು ಬಿದ್ದು ಗೋಣು ರಪ್ಪನೆ ಮುಂದಕ್ಕೆ ಬಾಗಿದಾಗ ಯಾವ ಎಲುಬೂ ಮುರಿಯದೆ ಪಟ್ಟಿಯೊಂದೇ ಹರಿಯಬಹುದು. ಆಗ ಬಳೆ ತಲೆಯೊಂದಿಗೆ ಮುಂದೆ ಸರಿಯುತ್ತದೆ, ಗೂಟ ಇದ್ದಲ್ಲೇ ನಿಲ್ಲುತ್ತದೆ, ನಡುವೆ ಬೆನ್ನುಹುರಿ ಅಡಕತ್ತರಿಗೆ ಸಿಕ್ಕ ಅಡಕೆ. ಅದೇ ಪೆಟ್ಟಿಗೆ ಪಟ್ಟಿ ತಡೆದು ಗೂಟವೇ ಮುರಿದರೆ, ಮುರಿದ ಗೂಟ ಬಳೆಯ ಜೊತೆಗೇ ಸರಿಯುತ್ತದೆ. ಹುರಿಗೆ ಒಂದಿಷ್ಟು ಜಾಗ ಉಳಿಯುತ್ತದೆ. ಎಲುಬು ಮುರಿದವನು ಬದುಕಿ, ಎಲುಬು ನೆಟ್ಟಗಿದ್ದವನು ಸಾಯುವ ಲೆಕ್ಕ ಇದು. “ಎಲುಬು ಬರೋಬ್ಬರಿ ಅದಾವು” ಎಂಬ ಮಾತಿಗೆ ಕುತ್ತಿಗೆಯ ಈ ಭಾಗದಲ್ಲಿ ಎಷ್ಟು ಬೆಲೆ ಎಂದು ಇದರಿಂದ ತಿಳಿಯುತ್ತದೆ.

ನೆತ್ತಿಗೆ ನೇರ ಪೆಟ್ಟು ಎಲ್ಲಿಂದ ಬರುತ್ತದೆ? ನಮ್ಮ ಬೆಳಗಾವಿ ಕಡೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ನಿದ್ದೆಗಣ್ಣಲ್ಲಿ ಎದ್ದು ಕಾಲು ತಪ್ಪಿದವರು, ನೀರು ಇಳಿದ ಬಾವಿಗೆ ತಲೆಕೆಳಗಾಗಿ ಧುಮುಕಿದ ಹುಡುಗರು, ಕಬ್ಬು ಹೇರುವಾಗ ಟ್ರೇಲರ್ ಮೇಲಿಂದ ಜಾರಿದ ಗ್ಯಾಂಗಿನವರು. ಇಲ್ಲಿ ಜನ ತಪ್ಪು ತಿಳಿಯುವುದು ಎತ್ತರದ ವಿಷಯದಲ್ಲಿ, ಬಹಳ ಮೇಲಿಂದ ಬಿದ್ದರಷ್ಟೇ ಅಪಾಯ ಎಂದು. ತಲೆ ನೆಲಕ್ಕೆ ಮುಟ್ಟಿ ನಿಂತುಬಿಡುತ್ತದೆ, ಹಿಂದಿನಿಂದ ಇಡೀ ಮೈ ಬರುತ್ತಲೇ ಇರುತ್ತದೆ. ಐವತ್ತು ಅರವತ್ತು ಕಿಲೋ ಮೈಯನ್ನು ನಿಲ್ಲಿಸುವ ಕೆಲಸ ಕುತ್ತಿಗೆಯ ಪಾಲಿಗೆ ಬೀಳುತ್ತದೆ. ಸೆಕೆಂಡಿಗೆ 3 ಮೀಟರಿನ ಆಸುಪಾಸಿನ ವೇಗ ಇದ್ದರೂ ಕುತ್ತಿಗೆ ಮುರಿಯಲು ಸಾಕು ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆ ವೇಗ ಬರಲು ಬೇಕಾದ ಎತ್ತರವನ್ನು ನನ್ನ ವಿದ್ಯಾರ್ಥಿಗಳು ಎರಡು ಸಾಲಿನಲ್ಲಿ ಲೆಕ್ಕ ಹಾಕುತ್ತಾರೆ: ಸುಮಾರು ಅರ್ಧ ಮೀಟರ್, ಒಂದು ಮೊಳಕ್ಕೆ ತುಸು ಹೆಚ್ಚು. ಮೂರು ಮೀಟರ್ ಎತ್ತರಕ್ಕೆ ಹೇರಿದ ಕಬ್ಬಿನ ಮೇಲಿಂದ ಬಿದ್ದರೆ ವೇಗ ಸೆಕೆಂಡಿಗೆ 7.7 ಮೀಟರ್.

‘ಬೀಳುವಾಗ ಗೋಣು ಬಿಗಿ ಹಿಡಿಯಬೇಕು’ ಎನ್ನುವವರಿದ್ದಾರೆ. ತಲೆ ನೆಲ ಮುಟ್ಟಿದ 20 ಮಿಲಿಸೆಕೆಂಡಿನ ಒಳಗೇ ಕುತ್ತಿಗೆ ಮುರಿದಿರುತ್ತದೆ. ಸ್ನಾಯುವಿಗೆ ಸುದ್ದಿ ಮುಟ್ಟಿ ಅದು ಬಿಗಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಬಾವಿಗೆ ಧುಮುಕಿದವರಲ್ಲಿ ಹೆಚ್ಚಾಗಿ ಮುರಿಯುವುದು ಕುತ್ತಿಗೆಯ ಕೆಳಗಿನ ಮಣಿಗಳು, ಐದನೆಯದರ ಸುತ್ತಮುತ್ತ. ಗೋಣು ತುಸು ಮುಂದೆ ಬಾಗಿದಾಗ ಕುತ್ತಿಗೆಯ ಸಹಜ ಬಾಗು ಹೋಗಿ ನೆಟ್ಟಗಿನ ಕಂಬವಾಗುತ್ತದೆ, ಕಂಬ ನಡುವೆ ಕುಸಿಯುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟಗಾರರು ಹೆಲ್ಮೆಟ್ಟಿನ ನೆತ್ತಿಯಿಂದ ಗುಮ್ಮಿ ಹೀಗೆ ಕೈಕಾಲು ಕಳೆದುಕೊಳ್ಳುತ್ತಿದ್ದರು. ಜೋಸೆಫ್ ಟಾರ್ಗ್ ಎಂಬ ವೈದ್ಯರು ಇದು ಹೇಗಾಗುತ್ತದೆ ಎಂದು ತೋರಿಸಿಕೊಟ್ಟರು. 1976ರಲ್ಲಿ ನೆತ್ತಿಯಿಂದ ಗುಮ್ಮುವುದನ್ನೇ ನಿಯಮದಲ್ಲಿ ನಿಷೇಧಿಸಿದರು, ಹೀಗೆ ಕೈಕಾಲು ಹೋಗುವ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿದವು. ಯಾರ ಕುತ್ತಿಗೆಯನ್ನೂ ಗಟ್ಟಿ ಮಾಡಲಿಲ್ಲ, ಬಲ ಬರುವ ದಾರಿಯನ್ನು ಮುಚ್ಚಿದರು, ಅಷ್ಟೇ.

ಗಲ್ಲಿನ ಹೆಸರು, ರಸ್ತೆಯ ಮುರಿತ

ಅಳಿಯನ ವರದಿಯ ಪದಕ್ಕೆ ಬರೋಣ. 1913ರಲ್ಲಿ ಫ್ರೆಡರಿಕ್ ವುಡ್ ಜೋನ್ಸ್ ಎಂಬ ಅಂಗರಚನಾ ತಜ್ಞರು ಗಲ್ಲಿಗೇರಿದವರ ಕುತ್ತಿಗೆಯ ಎಲುಬುಗಳನ್ನು ಪರೀಕ್ಷಿಸಿ ಲೇಖನ ಬರೆದರು. ಎಲುಬುಗಳು ಬಂದದ್ದು ಆಗ ಬ್ರಿಟಿಷ್ ಇಂಡಿಯಾಕ್ಕೇ ಸೇರಿದ್ದ ರಂಗೂನಿನ ಜೈಲಿನಿಂದ. ಕುಣಿಕೆಯ ಗಂಟನ್ನು ಕಿವಿಯ ಕೆಳಗಿಡದೆ ಗದ್ದದ ಕೆಳಗಿಟ್ಟಾಗ ತಲೆ ರಪ್ಪನೆ ಹಿಂದಕ್ಕೆ ಬಾಗುತ್ತದೆ, ಆಕ್ಸಿಸ್‌ನ ದಿಂಡಿಗೂ ಹಿಂದಿನ ಕಮಾನಿಗೂ ನಡುವಿನ ಎರಡು ಸಣ್ಣ ಸೇತುವೆಗಳು ಮುರಿಯುತ್ತವೆ ಎಂದು ಅವರು ತೋರಿಸಿದರು. ವಾಹನ ಅಪಘಾತಗಳಲ್ಲಿ ಇದೇ ಗೆರೆಯ ಮುರಿತ ಕಾಣತೊಡಗಿದಾಗ 1965ರಲ್ಲಿ ಷ್ನೈಡರ್ ಮತ್ತು ಸಂಗಡಿಗರು ‘ಹ್ಯಾಂಗ್‌ಮನ್ ಮುರಿತ’ ಎಂದು ಕರೆದರು. ಹೆಸರು ಅಂಟಿಕೊಂಡಿತು. ತಮಾಷೆಯೆಂದರೆ, 1992ರಲ್ಲಿ ಗಲ್ಲಿಗೇರಿದವರ ಹಳೆಯ ಎಲುಬುಗಳನ್ನು ಮತ್ತೆ ಪರೀಕ್ಷಿಸಿದಾಗ ಈ ಮುರಿತ ಸಿಕ್ಕದ್ದು ಬೆರಳೆಣಿಕೆಯವರಲ್ಲಿ. ನೇಣಿನ ಹೆಸರು ಹೊತ್ತ ಮುರಿತ ಇವತ್ತು ಬಹುಪಾಲು ರಸ್ತೆಯದು.

ಗಲ್ಲಿನಲ್ಲಿ ಸಾಯುವುದೇಕೆ, ರಸ್ತೆಯಲ್ಲಿ ಬದುಕುವುದೇಕೆ? ಮುರಿದ ಗೆರೆ ಒಂದೇ ಆದರೂ ಬಲದ ಬಾಣ ಬೇರೆ. ಗಲ್ಲಿನಲ್ಲಿ ತಲೆ ಹಿಂದಕ್ಕೆ ಬಾಗುವುದರ ಜೊತೆಗೆ ಮೈಭಾರವೆಲ್ಲ ಕೆಳಕ್ಕೆ ಜಗ್ಗುತ್ತದೆ. ಸೇತುವೆ ಮುರಿದ ಮೇಲೂ ಜಗ್ಗು ನಿಲ್ಲುವುದಿಲ್ಲ, ಪಟ್ಟಿಗಳು ಹರಿಯುತ್ತವೆ, ಬೆನ್ನುಹುರಿ ಹಿಗ್ಗಿ ಹರಿಯುತ್ತದೆ. ಅಳಿಯನ ಗದ್ದ ಕಬ್ಬಿಗೆ ಬಡಿದಾಗಲೂ ತಲೆ ಹಿಂದಕ್ಕೆ ಬಾಗಿತು. ಆದರೆ ಹಿಂದಿನಿಂದ ಮೈ ಮುಂದಕ್ಕೆ ನುಗ್ಗಿ ಕುತ್ತಿಗೆಯನ್ನು ಒತ್ತಿತು, ಎಳೆಯಲಿಲ್ಲ. ಸೇತುವೆಗಳು ಬಿರಿದವು. ದಿಂಡು ಮುಂದೆ, ಕಮಾನು ಹಿಂದೆ. ನಡುವಿನ ಜಾಗ ಹಿಗ್ಗಿತು. ಕ್ಷಣಾರ್ಧದಲ್ಲಿ ಬಂದ ಬಲ ಕ್ಷಣಾರ್ಧದಲ್ಲೇ ಹೋಯಿತು.

ಈ ಮುರಿತಗಳನ್ನು 1985ರಲ್ಲಿ ಲೆವಿನ್ ಮತ್ತು ಎಡ್ವರ್ಡ್ಸ್ ವಿಂಗಡಿಸಿದರು. ಮೊದಲ ಬಗೆಯಲ್ಲಿ ಸರಿತ 3 ಮಿಲಿಮೀಟರಿಗಿಂತ ಕಡಿಮೆ, ಓರೆಯಿಲ್ಲ; ಗಟ್ಟಿ ಕಾಲರ್ ಸಾಕಾಗುತ್ತದೆ. ಅಳಿಯನದು ಇದು. ‘ಎರಡು-ಎ’ ಎಂಬ ಬಗೆ ಮೇಲ್ನೋಟಕ್ಕೆ ಪಾಪದ್ದು. ಎಲುಬು ಸರಿದದ್ದು ಕಡಿಮೆ, ಆದರೆ ಓರೆ ಜಾಸ್ತಿ, ಒಳಗಿನ ಪಟ್ಟಿ ಹರಿದಿರುತ್ತದೆ. ಮುರಿದ ಕುತ್ತಿಗೆಗೆ ತೂಕ ಕಟ್ಟಿ ಜಗ್ಗುವ ಚಿಕಿತ್ಸೆಯೊಂದಿದೆ. ಈ ಬಗೆಗೆ ಅದನ್ನು ಮಾಡಿದರೆ ಬಿರುಕು ಇನ್ನೂ ಬಾಯಿಬಿಡುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ, ಸ್ಕ್ಯಾನ್ ನೋಡಿಕೊಂಡು ಜಗ್ಗಿದರೇ ಹೀಗಾಗಬಹುದು ಎಂದಮೇಲೆ ಕತ್ತಲ ರಸ್ತೆಯಲ್ಲಿ ಭುಜ ಒಬ್ಬ, ತಲೆ ಒಬ್ಬ ಹಿಡಿದು ಎತ್ತುವುದನ್ನು ಏನೆನ್ನಬೇಕು?

ಅಜ್ಜಿಯ ಕುತ್ತಿಗೆ ‘ಹಿಡಿದದ್ದು’

ರಸ್ತೆ ಅಪಘಾತ ಪೇಪರಿಗೆ ಬರುತ್ತದೆ. ಬಚ್ಚಲ ಕಲ್ಲಿನ ಮೇಲೆ ಜಾರಿದ ಅಜ್ಜಿ ಬರುವುದಿಲ್ಲ. 70 ದಾಟಿದವರಲ್ಲಿ ಕುತ್ತಿಗೆ ಮುರಿದರೆ ಎಲ್ಲಕ್ಕಿಂತ ಹೆಚ್ಚಾಗಿ ಮುರಿಯುವುದು ಡೆನ್ಸ್, ಅದೂ ನಿಂತ ಎತ್ತರದಿಂದ ಬಿದ್ದು.

ಇದರ ಯಂತ್ರಶಾಸ್ತ್ರ ಸೊಗಸಾಗಿದೆ ಎನ್ನಲು ನಾಲಿಗೆ ಬರುವುದಿಲ್ಲ, ಆದರೂ ಸೊಗಸಾಗಿದೆ. ವಯಸ್ಸಾದಂತೆ ಕುತ್ತಿಗೆಯ ಕೆಳಗಿನ ಮಣಿಗಳ ಡಿಸ್ಕ್ ಸವೆದು, ಎಲುಬಿನ ಅಂಚುಗಳು ಬೆಳೆದು ಆ ಭಾಗವೆಲ್ಲ ಸೆಟೆದ ಕೋಲಾಗುತ್ತದೆ. ಬಾಗುವ ತಿರುಗುವ ಕೆಲಸವೆಲ್ಲ ಮೇಲಿನ ಕೀಲಿಗೆ ಉಳಿಯುತ್ತದೆ. ಅಜ್ಜಿ ಮುಗ್ಗರಿಸಿ ಹಣೆ ಮೆಟ್ಟಿಲಿಗೆ ಬಡಿದಾಗ ತಲೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಕೆಳಗಿನ ಕೋಲು ಬಾಗಿ ಬಲವನ್ನು ಹಂಚಿಕೊಳ್ಳುವುದಿಲ್ಲ. ಅಷ್ಟೂ ಬಂದು ಸೇರುವುದು ಗೂಟದ ಬುಡಕ್ಕೆ. ಆ ಬುಡದಲ್ಲಿ ಒಳಗಿನ ಜಾಲರಿ ಎಲುಬು ಮೊದಲೇ ವಿರಳ, ಸವಕಳಿ ಬಂದಮೇಲೆ ಇನ್ನೂ ವಿರಳ.

ಆಂಡರ್ಸನ್ ಮತ್ತು ಡಿ’ಅಲೊಂಝೊ 1974ರಲ್ಲಿ ಡೆನ್ಸ್ ಮುರಿತಗಳನ್ನು ಮೂರು ಬಗೆ ಮಾಡಿದರು: ತುದಿ, ಬುಡ, ಬುಡದ ಕೆಳಗಿನ ದಿಂಡು. ದಿಂಡಿಗೆ ಇಳಿದ ಮೂರನೆಯ ಬಗೆ ಅಗಲವಾದ ಮೇಲ್ಮೈಯಿಂದಾಗಿ ಚೆನ್ನಾಗಿ ಕೂಡುತ್ತದೆ. ಬುಡದಲ್ಲಿ ಮುರಿದ ಎರಡನೆಯದು ಕಾಡುವ ಬಗೆ. ಮುರಿದ ಮುಖ ಕಿರಿದು, ರಕ್ತ ಸಾಲದು, ಗೋಣು ಒಂದಿಷ್ಟು ಅಲುಗಿದರೂ ತುಂಡು ಅಲುಗುತ್ತದೆ.

ನಮ್ಮ ಮನೆಗಳಲ್ಲಿ ಆಗುವುದೇನು? ಅಜ್ಜಿಗೆ ಹಣೆಯ ಗಾಯಕ್ಕೆ ಹೊಲಿಗೆ ಹಾಕಿಸುತ್ತಾರೆ. ಮರುದಿನ “ಕುತಿಗಿ ಹಿಡದೈತಿ, ಹೊಳ್ಳಾಕ ಬರವಲ್ದು” ಎನ್ನುತ್ತಾಳೆ. ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ಹೊಳ್ಳಲು ಬಾರದಿರುವುದೇ ಮೈ ತಾನಾಗಿ ಹಾಕಿಕೊಂಡ ಪಟ್ಟಿ: ಸ್ನಾಯುಗಳು ಬಿಗಿದು ಮುರಿದ ಗೂಟವನ್ನು ಹಿಡಿದಿರುತ್ತವೆ. ತಿಕ್ಕುವವರ ಕೈ ಮೊದಲು ಸಡಿಲಿಸುವುದು ಅದನ್ನೇ. ಉಳುಕು ತೆಗೆಯುವವರ ಬಗ್ಗೆ ನನಗೆ ಅಸಡ್ಡೆಯಿಲ್ಲ. ಹಿಮ್ಮಡಿ, ಮುಂಗೈ ಉಳುಕಿದಾಗ ಅವರಲ್ಲಿಗೆ ನಾನೂ ಹೋದವನು. ಗೋಣು ಮಾತ್ರ ಅವರ ಕೈಗೆ ಕೊಡುವಂಥದ್ದಲ್ಲ.

ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ಒಂದು ನಿಯಮ ಈಗ ಬಹಳ ಕಡೆ ಬಳಕೆಯಲ್ಲಿದೆ. ಬಿದ್ದು ಪೆಟ್ಟಾದವರಿಗೆ 65 ದಾಟಿದ್ದರೆ, ಮೂರು ಅಡಿ ಅಥವಾ ಐದು ಮೆಟ್ಟಿಲಿಗಿಂತ ಮೇಲಿಂದ ಬಿದ್ದಿದ್ದರೆ, ನೆತ್ತಿಗೆ ಪೆಟ್ಟಾಗಿದ್ದರೆ ಅಥವಾ ಕೈಕಾಲು ಜುಮ್ಮೆನ್ನುತ್ತಿದ್ದರೆ ಕುತ್ತಿಗೆಯ ಚಿತ್ರ ತೆಗೆಸಲೇಬೇಕು. ಬದಿಯಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಮೇಲಿನ ಎರಡು ಮಣಿಗಳು ದವಡೆಯ, ಹಲ್ಲಿನ, ತಲೆಬುರುಡೆಯ ನೆರಳಲ್ಲಿ ಅಡಗಿಬಿಡುತ್ತವೆ. ಅಳಿಯನಿಗೆ ಆದದ್ದು ಅದೇ. ಸಿಟಿ ಸ್ಕ್ಯಾನ್ ಆಗಲಿ ಎಂದು ನಾವೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎತ್ತುವ ಕೈಗಳು

ಮೂರನೆಯ, ನಾಲ್ಕನೆಯ, ಐದನೆಯ ಕುತ್ತಿಗೆ ನರಗಳು ಸೇರಿ ವಪೆಯನ್ನು, ಅಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಆಡಿಸುತ್ತವೆ. ಅವಕ್ಕಿಂತ ಮೇಲೆ ಹುರಿ ತುಂಡಾದರೆ ಉಸಿರು ನಿಲ್ಲುತ್ತದೆ, ಸಾವು ನಿಮಿಷಗಳ ಮಾತು. ಅಂಥವರು ಆಸ್ಪತ್ರೆ ಮುಟ್ಟುವುದೇ ಇಲ್ಲ. ಮೇಲ್ಗುತ್ತಿಗೆ ಮುರಿದು ಆಸ್ಪತ್ರೆಗೆ ಬಂದವರಲ್ಲಿ ಬಹಳ ಜನ ಕೈಕಾಲು ಆಡಿಸುತ್ತಿರುವುದಕ್ಕೆ ಅರ್ಧ ಕಾರಣ ಆ ಖಾಲಿ ಸೆಂಟಿಮೀಟರ್, ಇನ್ನರ್ಧ ಕಾರಣ ಉಳಿದವರು ದಾರಿಯಲ್ಲೇ ಹೋದದ್ದು. ದಾರಿಯಲ್ಲಿ ಹೋದವರಲ್ಲಿ ಕೆಲವರ ಹುರಿ ಬಿದ್ದ ಕ್ಷಣದಲ್ಲಿ ಸರಿಯಿದ್ದು, ನಾವು ಎತ್ತಿದಾಗ ಹೋಗಿರಬಹುದು. ಈ ಸಂಶಯ ನನ್ನನ್ನು ಬಿಟ್ಟಿಲ್ಲ.

ಅಳಿಯ ಗದ್ದವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದನಲ್ಲ, ಅದಕ್ಕೆ ವೈದ್ಯರಲ್ಲಿ ಹೆಸರೇ ಇದೆ: ರಸ್ಟ್ ಚಿಹ್ನೆ. ಪೆಟ್ಟಾದ ಮೇಲೆ ಯಾರಾದರೂ ತಮ್ಮ ತಲೆಯನ್ನು ತಾವೇ ಕೈಯಲ್ಲಿ ಹೊತ್ತುಕೊಂಡರೆ, ಏಳುವಾಗ ಕೂದಲನ್ನೋ ಗದ್ದವನ್ನೋ ಹಿಡಿದುಕೊಂಡೇ ಎದ್ದರೆ, ಮೇಲ್ಗುತ್ತಿಗೆ ಸಡಿಲವಾಗಿದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಅವರನ್ನು ಕೂರಿಸಬಾರದು, ನಡೆಸಬಾರದು. ಇದ್ದಲ್ಲೇ ಮಲಗಿಸಿ ಒಬ್ಬರು ತಲೆಯ ಎರಡೂ ಪಕ್ಕ ಅಂಗೈಯಿಟ್ಟು ಅಲುಗದಂತೆ ಹಿಡಿಯಬೇಕು. ಹಿಡಿಯುವುದಷ್ಟೇ, ಜಗ್ಗುವುದಲ್ಲ. ಹೊರಳಿಸಬೇಕಾದರೆ ನಾಲ್ವರು ಬೇಕು, ತಲೆ ಹಿಡಿದವರು ಹೇಳಿದಾಗ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದಂತೆ. ಹೊರಸಿನ ಮೇಲೆ ಮಲಗಿಸಿದರೆ ಹಗ್ಗ ಜೋತು ಮೈ ಬಾಗುತ್ತದೆ. ಬಾಗಿಲ ಹಲಗೆ ಇದ್ದರೆ ಅದು ಎಷ್ಟೋ ವಾಸಿ. ತಲೆಯ ಎರಡೂ ಪಕ್ಕ ಸುತ್ತಿದ ಟಾವೆಲ್ ಇಡಬಹುದು. ತಲೆದಿಂಬು ಬೇಡ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಸಪಾಟು ಹಲಗೆಯ ಮೇಲೆ ಗೋಣು ತಾನಾಗಿ ಮುಂದೆ ಬಾಗುತ್ತದೆ. ಅವರ ಭುಜದ ಕೆಳಗೆ ಮಡಿಸಿದ ಬಟ್ಟೆ ಹಾಕಬೇಕು. ನೀರು ಕುಡಿಸುವುದು ನಮ್ಮ ಕಡೆಯ ಮಮತೆ, ಆದರೆ ನೀರು ಕುಡಿಯಲು ತಲೆ ಎತ್ತಲೇಬೇಕು. ಉಸಿರಿಗೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ಟನ್ನೂ ಎಳೆದು ತೆಗೆಯಬಾರದು. 108 ಬರುವತನಕ ತಲೆ ಹಿಡಿದು ಕೂತವನೇ ಅಲ್ಲಿ ದೊಡ್ಡ ಡಾಕ್ಟರ್.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಸ್ಪಂಜಿನ ಕಾಲರ್ ಇಲ್ಲಿ ಏನನ್ನೂ ಹಿಡಿಯುವುದಿಲ್ಲ. ಗಟ್ಟಿ ಕಾಲರೂ ಸರ್ವರೋಗಕ್ಕೆ ಮದ್ದಲ್ಲ. 2010ರಲ್ಲಿ ಶವಗಳ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ, ಮೇಲ್ಗುತ್ತಿಗೆಯ ಪಟ್ಟಿಗಳೆಲ್ಲ ಹರಿದಿರುವಾಗ ಗಟ್ಟಿ ಕಾಲರ್ ಹಾಕಿದ್ದರಿಂದಲೇ ಅಟ್ಲಾಸ್ ಮತ್ತು ಆಕ್ಸಿಸ್ ನಡುವೆ ಸರಾಸರಿ 7 ಮಿಲಿಮೀಟರಿನಷ್ಟು ಬಾಯಿ ಬಿಟ್ಟಿತು. ಕಾಲರ್ ಗದ್ದವನ್ನು ಮೇಲಕ್ಕೂ ಭುಜವನ್ನು ಕೆಳಕ್ಕೂ ತಳ್ಳುವುದರಿಂದ ಹೀಗೆ.

ಹೆಲ್ಮೆಟ್ ಭಾರಕ್ಕೇ ಗೋಣು ಮುರಿಯುತ್ತದೆ ಎಂಬ ಮಾತು ಕಟ್ಟೆ ಮೇಲೆ ಈಗಲೂ ಕೇಳಿಬರುತ್ತದೆ. ಅಮೆರಿಕದಲ್ಲಿ 40 ಸಾವಿರಕ್ಕೂ ಹೆಚ್ಚು ಬೈಕ್ ಅಪಘಾತಗಳ ದಾಖಲೆ ನೋಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಲ್ಮೆಟ್ ಹಾಕಿದವರಲ್ಲಿ ಕುತ್ತಿಗೆಯ ಗಾಯದ ಸಂಭವ 22 ಶೇಕಡಾ ಕಡಿಮೆ ಇತ್ತು. ಆದರೆ ರಸ್ತೆ ಬದಿಯ ಟೊಪ್ಪಿಗೆಯಂಥ ಅರ್ಧ ಹೆಲ್ಮೆಟ್ ಗದ್ದವನ್ನು ಬಯಲಲ್ಲೇ ಬಿಡುತ್ತದೆ. ಗದ್ದ ತಲೆಗೆ ಸನ್ನೆಗೋಲು. ಅಲ್ಲಿ ತಟ್ಟಿದ ಪೆಟ್ಟು ಆಕ್ಸಿಸ್‌ವರೆಗೂ ಹೋಗುತ್ತದೆ. ಅಳಿಯನ ತಲೆಯ ಮೇಲೆ ಇದ್ದದ್ದು ಇಂಥದ್ದೇ, ದಂಡದ ಭಯಕ್ಕೆ ಕೊಂಡದ್ದು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಆದೇಶವಿದೆ. ವಾಹನಗಳಿಗೆ ರಿಫ್ಲೆಕ್ಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಹಂಗಾಮು ಶುರುವಾದಾಗ ಪೊಲೀಸರು ಟ್ರೇಲರುಗಳಿಗೆ ರೇಡಿಯಂ ಅಂಟಿಸುವ ಫೋಟೊಗಳೂ ಬರುತ್ತವೆ. ನಾಲ್ಕು ಖೇಪು ಕಬ್ಬು ಹೇರಿದ ಮೇಲೆ ರವದಿ, ಧೂಳು ಕೂತು ಆ ಪಟ್ಟಿ ಇದ್ದೂ ಇಲ್ಲದಂತೆ. ಕಾರ್ಖಾನೆಯ ಗೇಟಿನಲ್ಲಿ ತೂಕ ನೋಡುವಾಗಲೇ ಹಿಂದಿನ ಪಟ್ಟಿಯನ್ನೂ ನೋಡಿ, ಇಲ್ಲದವರ ಕಬ್ಬು ಇಳಿಸಿಕೊಳ್ಳದಿದ್ದರೆ ಒಂದೇ ವಾರದಲ್ಲಿ ಎಲ್ಲ ಟ್ರೇಲರ್ ಮಿನುಗುತ್ತವೆ ಎಂಬುದು ನನ್ನ ಲೆಕ್ಕ. ಟಾರ್ಗ್ ಕಾಲದ ನಿಯಮದ ಹಾಗೆ, ಬಲ ಬರುವ ದಾರಿಯಲ್ಲೇ ಅಡ್ಡ ನಿಲ್ಲುವುದು.

ಎತ್ತಿ ಒಯ್ದರೆ ಪೊಲೀಸ್, ಕೋರ್ಟು ಎಂದು ಹಿಂದೆ ಸರಿಯುವವರಿಗೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ನೆರವಿಗೆ ಬಂದವರನ್ನು ಕಾಪಾಡುತ್ತದೆ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. “ಮೊದಲ ಮಿರಜಕ್ಕ ಒಯ್ಯೋಣೋ, ಬೆಳಗಾವಿಗೋ” ಎಂದು ರೊಕ್ಕದ ಲೆಕ್ಕ ಹಾಕುತ್ತ ನಿಲ್ಲುವ ಹೊತ್ತು ಅದರಿಂದ ಕಡಿಮೆಯಾದರೆ ಸಾಕು.

ಅಳಿಯನಿಗೆ ಆಪರೇಶನ್ ಬೇಕಾಗಲಿಲ್ಲ. ಗೂಟದ ಬುಡ ಮುರಿದು ಕೂಡದಿದ್ದವರಿಗೆ, ಅಡ್ಡಪಟ್ಟಿ ಹರಿದವರಿಗೆ ಮೇಲಿನ ಎರಡೂ ಮಣಿಗಳನ್ನು ತಿರುಪು ಹಾಕಿ ಒಂದು ಮಾಡುತ್ತಾರೆ. ಮುಂಬೈನ ಕೆಇಎಂ ಆಸ್ಪತ್ರೆಯ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ ವಿಧಾನ ಈ ಕೆಲಸದಲ್ಲಿ ಜಗತ್ತಿನ ಎಲ್ಲೆಡೆ ನಡೆಯುತ್ತಿದೆ. ಜೀವ ಉಳಿಯುತ್ತದೆ, ಗೋಣಿನ ಅರ್ಧ ತಿರುವು ಹೋಗುತ್ತದೆ. ಟ್ರ್ಯಾಕ್ಟರ್ ರಿವರ್ಸ್ ತೆಗೆಯುವ ರೈತನಿಗೆ ಅದು ಎಂಥ ನಷ್ಟ ಎಂದು ಹೇಳಬೇಕಾಗಿಲ್ಲ.

ಹನ್ನೆರಡು ವಾರಕ್ಕೆ ಕಾಲರ್ ಬಿಚ್ಚಿದರು. ಡಾಕ್ಟರು ಎದುರಿಗೆ ಕೂತು, “ಸಾವಕಾಶ ಎಡಕ್ಕ ಹೊಳ್ಳಪಾ” ಎಂದರು. ಹೊಳ್ಳಿದ. “ಬಲಕ್ಕ?” ಅರ್ಧಕ್ಕೆ ನಿಂತ. “ನೋವು ಆಗ್ತೈತೇನು?” ಎಂದು ಕೇಳಿದರು. “ಇಲ್ರಿ,” ಎಂದ, “ಅಂಜಿಕಿ ಬರ್ತೈತಿ.”